ಕೊಯ್ಲಿಗೆ ಮುಂಚೆ ತೋಟವನ್ನು ಒಮ್ಮೆ ನಡೆದು ನೋಡೋಣ

ಮಾನ್ಯ ಸಂಪಾದಕರೇ,

ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದ ಮರುದಿನ ನಿಮ್ಮ ಪತ್ರಿಕೆಯಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಿರುವ ಹುಡುಗ ಹುಡುಗಿಯರ ಫೋಟೊ ಬಂದಿತ್ತು. ನೋಡಿ ಖುಷಿಯಾಯಿತು. ಪುಟ ತಿರುಗಿಸಿದರೆ ಕಾಡಾನೆ ತೋಟಕ್ಕೆ ಬಂದ ಸುದ್ದಿ ಇತ್ತು. ಎರಡನ್ನೂ ಒಟ್ಟಿಗೆ ಓದಿದ ಮೇಲೆ ನಿಮಗೆ ಬರೆಯಲೇಬೇಕು ಅನ್ನಿಸಿತು.

ನನಗೆ 61 ವರ್ಷ. ಅಮ್ಮತ್ತಿ ಹತ್ತಿರ ಹದಿನಾಲ್ಕು ಎಕರೆ ಕಾಫಿ ತೋಟ ಇದೆ. ಯಜಮಾನರು ತೀರಿಹೋದ ಮೇಲೆ ಒಂಬತ್ತು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಈ ಸಲ ಜುಲೈ, ಆಗಸ್ಟ್ ಎರಡು ತಿಂಗಳು ಅಮೆರಿಕದ ಕೊಲೊರಾಡೊದಲ್ಲಿದ್ದೆ. ನನ್ನ ತಂಗಿಯ ಮಗ ಅಲ್ಲಿ ಗ್ಲೆನ್‌ವುಡ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿದ್ದಾನೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಲೈಸೆನ್ಸ್ ಪಡೆದು, ಬಿಲ್ಲು ಬಾಣ ಹಿಡಿದು ಎಲ್ಕ್ ಬೇಟೆಗೆ ಹೋಗುತ್ತಾನೆ. ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ ಪ್ರಾಣಿ. ಗಂಡು ಸುಮಾರು 300 ಕಿಲೋ ತೂಗುತ್ತದೆ. ಕೊಂಬು ಪ್ರತಿ ವರ್ಷ ಬಿದ್ದು ಹೊಸದಾಗಿ ಬರುತ್ತದೆ. ನಾನು ಬೇಟೆ ನೋಡಲಿಲ್ಲ, ಅಷ್ಟರಲ್ಲಿ ವಾಪಸ್ ಬಂದಿದ್ದೆ. ನೋಡಿದ್ದು ಬೇಟೆಯ ಮುಂಚಿನ ತಯಾರಿ. ಕಾಡಾನೆ ಬರುವ ನಮ್ಮ ತೋಟಗಳಿಗೂ ಆ ತಯಾರಿ ಬೇಕು ಎಂಬುದೇ ನಾನು ಹೇಳಬೇಕಾಗಿರುವುದು.

ಬೇಟೆ ಮತ್ತೆ ಶುರುವಾಗಲಿ ಎಂದು ನಾನು ಕೇಳುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಕಾಯ್ದೆ ಬಂದದ್ದು ಒಳ್ಳೆಯದಾಯಿತು. ಅದು ಇಲ್ಲದಿದ್ದರೆ ನಮ್ಮ ಕಾಡಿನಲ್ಲಿ ಇಷ್ಟು ಪ್ರಾಣಿ ಉಳಿಯುತ್ತಿರಲಿಲ್ಲ. ಕೊಲೊರಾಡೊದಲ್ಲೂ ನೂರು ವರ್ಷದ ಹಿಂದೆ ಎಲ್ಕ್ ಮುಗಿದೇ ಹೋಗುವ ಸ್ಥಿತಿಗೆ ಬಂದಿತ್ತು. ಬೇಟೆ ನಿಲ್ಲಿಸಿದರು. ಪಕ್ಕದ ವ್ಯೋಮಿಂಗ್‌ನಿಂದ ಎಲ್ಕ್ ತಂದು ಬಿಟ್ಟರು. ಈಗ ಆ ದೇಶದಲ್ಲಿ ಬೇರೆ ಯಾವ ರಾಜ್ಯದಲ್ಲೂ ಇಲ್ಲದಷ್ಟು ಎಲ್ಕ್ ಅಲ್ಲಿವೆ. ನಿಯಮವೂ ಬಿಗಿ. 1949ರಿಂದ ಈಚೆಗೆ ಹುಟ್ಟಿದವರು ಬೇಟೆಯ ತರಗತಿ ಪಾಸಾಗದೆ ಲೈಸೆನ್ಸ್ ಕೊಳ್ಳುವಂತಿಲ್ಲ. ಡ್ರೋನ್ ಹಾರಿಸಿ ಪ್ರಾಣಿ ಹುಡುಕುವಂತಿಲ್ಲ. ಮಾಂಸ ಕಾಡಿನಲ್ಲಿ ಬಿಟ್ಟು ಕೊಳೆಸಿದರೆ ಅದು ಅಪರಾಧ.

ಆಗಸ್ಟ್ 3ಕ್ಕೆ ಇಲ್ಲಿ ನೀವೆಲ್ಲ ನಮ್ಮ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನದ ಮದ್ದುಸೊಪ್ಪಿನ ಪಾಯಸ ಕುಡಿಯುತ್ತಿದ್ದಿರಿ. ನಾನು ಫ್ಲಾಟ್ ಟಾಪ್ಸ್ ಎಂಬ ಬೆಟ್ಟದ ಮೇಲೆ ಉಣ್ಣೆ ಟೋಪಿ ಹಾಕಿಕೊಂಡು ಒಂದು ಬಂಡೆಗೆ ಒರಗಿ ಕೂತಿದ್ದೆ. ಎತ್ತರ 3,200 ಮೀಟರ್. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ 1,748 ಮೀಟರ್ ಅಷ್ಟೇ. ಹತ್ತು ಹೆಜ್ಜೆಗೊಮ್ಮೆ ಉಸಿರು ಕಟ್ಟುತ್ತಿತ್ತು. ಅದಕ್ಕೇ ಹುಡುಗ ಮೊದಲ ಹತ್ತು ದಿನ ನನ್ನನ್ನು ಬೆಟ್ಟ ಹತ್ತಿಸಲಿಲ್ಲ. ಕೆಳಗಿನ ದಾರಿಗಳಲ್ಲಿ ನಡೆಸಿ ನಡೆಸಿ ಅಭ್ಯಾಸ ಮಾಡಿಸಿದ. ಅದು ವಾಹನ ಬಿಡದ ಕಾಡು. ಸೈಕಲ್ ಕೂಡ ಇಲ್ಲ, ಮೋಟಾರು ಗರಗಸವೂ ಇಲ್ಲ. ಹೋಗುವುದಿದ್ದರೆ ಕಾಲ್ನಡಿಗೆ, ಇಲ್ಲವೇ ಕುದುರೆ. ನಾವು ಎಂಟು ಕಿಲೋಮೀಟರ್ ನಡೆದು ಹೋಗಿದ್ದೆವು.

ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸಿದ. ಬೆಳಕು ಹರಿಯುವ ಮುಂಚೆ ಆ ಬಂಡೆಯ ಹತ್ತಿರ ಇರಬೇಕಿತ್ತು. ಎದುರಿನ ಹುಲ್ಲುಗಾವಲು ಒಂದು ಕಿಲೋಮೀಟರ್ ದೂರ. ನಾನು ಹತ್ತಿರ ಹೋಗಿ ನೋಡುತ್ತೇವೆ ಅಂದುಕೊಂಡಿದ್ದೆ. ಅವನು ಹೇಳಿದ, “ಇಲ್ಲ ದೊಡ್ಡಮ್ಮ, ಹತ್ತಿರ ಹೋದರೆ ನಾವು ನೋಡುವುದಕ್ಕಿಂತ ಮುಂಚೆ ಅವು ನಮ್ಮನ್ನು ನೋಡುತ್ತವೆ. ಒಂದು ಸಲ ಹೆದರಿದರೆ ಈ ಕಣಿವೆಯನ್ನೇ ಬಿಟ್ಟುಹೋಗುತ್ತವೆ.” ಮೂರು ಗಂಟೆ ಸುಮ್ನೆ ಕೂತೆವು. ದುರ್ಬೀನಿನಲ್ಲಿ ಹುಲ್ಲಿನ ಅಂಚು ಅಂಗುಲ ಅಂಗುಲವಾಗಿ ನೋಡುವುದು, ಒಂದು ಸಾಲು ಮುಗಿದ ಮೇಲೆ ಇನ್ನೊಂದು ಸಾಲು. ಆರು ಗಂಟೆ ದಾಟಿದ ಮೇಲೆ ನಾಲ್ಕು ಗಂಡು ಕಂಡವು. ಕೊಂಬಿನ ಮೇಲೆ ಇನ್ನೂ ಮಖಮಲ್ಲಿನಂಥ ತೊಗಲು ಇತ್ತು. ಆಗಸ್ಟ್ ಕೊನೆಗೆ ಅದನ್ನು ಮರಕ್ಕೆ ಉಜ್ಜಿ ಕಳಚಿಕೊಳ್ಳುತ್ತವಂತೆ. ಬಿಸಿಲು ಏರುತ್ತಿದ್ದಂತೆ ಒಂದೊಂದಾಗಿ ಉತ್ತರ ದಿಕ್ಕಿನ ಇಳಿಜಾರಿನ ದಟ್ಟ ಸ್ಪ್ರೂಸ್ ಮರಗಳೊಳಗೆ ಹೋಗಿ ಮರೆಯಾದವು. ಅಲ್ಲಿ ತಂಪು, ಹಗಲೆಲ್ಲ ಅಲ್ಲೇ ಮಲಗುತ್ತವೆ. ಹುಡುಗ ಪುಸ್ತಕ ತೆಗೆದು ಬರೆದುಕೊಂಡ. ಎಷ್ಟು ಗಂಟೆಗೆ ಬಂದವು, ಯಾವ ಕಡೆಯಿಂದ, ಎಲ್ಲಿ ನೀರು ಕುಡಿದವು, ಎಲ್ಲಿ ಕಾಡು ಹೊಕ್ಕವು. ಮೂರು ವರ್ಷದ ಪುಸ್ತಕ ಅವನ ಹತ್ತಿರ ಇದೆ.

ಅವನ ಜೇಬಿನಲ್ಲಿ ಒಂದು ಸಣ್ಣ ಪುಡಿ ಬಾಟಲಿ ಇತ್ತು. ಐದು ನಿಮಿಷಕ್ಕೊಮ್ಮೆ ಒತ್ತುತ್ತಿದ್ದ. ಬಿಳಿ ಪುಡಿ ಹಾರಿ ಗಾಳಿ ಯಾವ ಕಡೆಗೆ ಎಂದು ತೋರಿಸುತ್ತಿತ್ತು. ಬೆಳಿಗ್ಗೆ ತಣ್ಣನೆಯ ಗಾಳಿ ಬೆಟ್ಟದಿಂದ ಕೆಳಕ್ಕೆ ಇಳಿಯುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ಅದೇ ಗಾಳಿ ಮೇಲಕ್ಕೆ ಏರುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ಟೆಂಟ್ ಹಾಕುವ ಜಾಗವನ್ನೂ ಇದನ್ನೇ ನೋಡಿ ಆರಿಸಿದ್ದ. ಹುಲ್ಲುಗಾವಲಿನಿಂದ ದೂರ, ನಮ್ಮ ವಾಸನೆ ಆ ಕಡೆ ಹೋಗದ ಹಾಗೆ. ತೊರೆಯಿಂದ ಎಪ್ಪತ್ತು ಹೆಜ್ಜೆಗಿಂತ ಆಚೆ. ಒಣಗಿ ನಿಂತ ಮರದ ಕೆಳಗೆ ಅಲ್ಲ. ಅಡುಗೆ ಒಂದು ಕಡೆ, ಮಲಗುವುದು ಇನ್ನೊಂದು ಕಡೆ, ಯಾಕೆಂದರೆ ಅಲ್ಲಿ ಕರಡಿ ಇದೆ. ನಾನು ಗ್ಯಾಸ್ ಒಲೆಯಲ್ಲಿ ಅಕ್ಕಿ ರೊಟ್ಟಿ ಮಾಡಿ ಕೊಟ್ಟೆ. ಉಳಿದದ್ದನ್ನೆಲ್ಲ, ನನ್ನ ಟೂತ್‌ಪೇಸ್ಟನ್ನೂ ಸೇರಿಸಿ, ಚೀಲಕ್ಕೆ ಹಾಕಿ ಎತ್ತರದ ಕೊಂಬೆಗೆ ಹಗ್ಗದಲ್ಲಿ ಏರಿಸಿದ. ಮಧ್ಯಾಹ್ನ ಗುಡುಗು ಸಿಡಿಲು ಜಾಸ್ತಿ, ಹಾಗಾಗಿ ಹನ್ನೆರಡರೊಳಗೆ ಬೋಳು ಬೆಟ್ಟದಿಂದ ಇಳಿದುಬಿಡಬೇಕು. ಹೊರಡುವ ಮುಂಚೆ ಅವನ ಹೆಂಡತಿಯ ಕೈಗೆ ಒಂದು ಚೀಟಿ ಕೊಟ್ಟಿದ್ದ. ಎಲ್ಲಿರುತ್ತೇವೆ, ಯಾವಾಗ ಬರುತ್ತೇವೆ, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು. ಆ ಚೀಟಿ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಯಾಕೆ ಅಂತ ಹೇಳುತ್ತೇನೆ. ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ನಮ್ಮ ತೋಟದಲ್ಲಿ ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಏಳೂವರೆ ಗಂಟೆ, ಮಂಜು ಇನ್ನೂ ಎದ್ದಿರಲಿಲ್ಲ. ಹನ್ನೊಂದು ಜನ ಕೆಳಗಿನ ಕೆರೆ ಪಕ್ಕದ ಸಾಲಿಗೆ ಹೋದರು. ಒಂಟಿ ಸಲಗ ಕೆರೆ ದಂಡೆಯ ಬಿದಿರಿನ ಹಿಂದೆ ನಿಂತಿತ್ತು. ಯಾರಿಗೂ ಗೊತ್ತಿರಲಿಲ್ಲ. ಅದು ಒಂದು ಸಲ ಮುಂದೆ ನುಗ್ಗಿ ನಿಂತಿತು, ಅಷ್ಟೇ. ಎಲ್ಲರೂ ಓಡಿದರು. ಆಳುಗಳ ಲೈನ್ ಮನೆಯ ಒಬ್ಬಾಕೆ ಚರಂಡಿಗೆ ಬಿದ್ದು ಕೈ ಮುರಿದುಕೊಂಡಳು. ಇನ್ನೊಬ್ಬಳು ಎಲ್ಲಿ ಹೋದಳೆಂದೇ ಒಂದು ಗಂಟೆ ತಿಳಿಯಲಿಲ್ಲ. ಯಾವ ಸಾಲಿನಲ್ಲಿ ಯಾರಿದ್ದಾರೆ ಎಂದು ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ತಪ್ಪು ನನ್ನದೇ. ಅವಳು ಹೆದರಿ ಪಕ್ಕದ ತೋಟದ ಕಣದಲ್ಲಿ ಕೂತಿದ್ದಳು. ಆ ಒಂದು ಗಂಟೆ ನಾನು ಹೇಗೆ ಕಳೆದೆ ಎಂದು ನನಗೆ ಮಾತ್ರ ಗೊತ್ತು.

ಆಮೇಲೆ ಹೋಗಿ ನೋಡಿದರೆ ಎಲ್ಲ ಗುರುತೂ ಅಲ್ಲೇ ಇತ್ತು. ಗೇಟಿನಿಂದ ಇಪ್ಪತ್ತು ಅಡಿಯಲ್ಲಿ ಹಸಿ ಲದ್ದಿ, ಅದರಲ್ಲಿ ಕಾಫಿ ಬೀಜ. ಸಿಲ್ವರ್ ಓಕ್ ಮರಕ್ಕೆ ಮೈ ಉಜ್ಜಿದ ಒದ್ದೆ ಕೆಸರು. ಹುಲ್ಲಿನ ಮೇಲೆ ಇಬ್ಬನಿ ಅಳಿಸಿದ ದಾರಿ. ಎಲ್ಲವನ್ನೂ ದಾಟಿಕೊಂಡೇ ಹನ್ನೊಂದು ಜನ ಒಳಗೆ ಹೋಗಿದ್ದರು. ಓದಲು ಬರುವವರು ಒಬ್ಬರೂ ಇರಲಿಲ್ಲ.

ನಮ್ಮ ಅಜ್ಜನಿಗೆ ಬರುತ್ತಿತ್ತು. ಕಕ್ಕಡದ ಮಳೆ ಸ್ವಲ್ಪ ಬಿಟ್ಟ ಹಗಲುಗಳಲ್ಲಿ ಕೋವಿ ಇಲ್ಲದೆ, ಕೈಯಲ್ಲಿ ಒಂದು ಕತ್ತಿ ಮಾತ್ರ ಹಿಡಿದು ಬಾಣೆ, ಅಂದರೆ ಗದ್ದೆಗೆ ಸೇರಿದ ಕಾಡುಜಾಗ, ಸುತ್ತಿ ಬರುತ್ತಿದ್ದರು. ಆರೇಳು ವರ್ಷದ ನಾನು ಹಿಂದೆ ಹಿಂದೆ. ಕಾಲುದಾರಿಗೆ ಅಡ್ಡ ಕಟ್ಟಿದ ಜೇಡರ ಬಲೆ ಹರಿದಿದೆಯಾ ಇಲ್ಲವಾ ಎಂದು ನೋಡುತ್ತಿದ್ದರು. ಬಲೆ ಪೂರ್ತಿ ಇದ್ದರೆ ರಾತ್ರಿ ಆ ದಾರಿಯಲ್ಲಿ ದೊಡ್ಡದೇನೂ ಹೋಗಿಲ್ಲ. ಒಂದು ಚಿಟಿಕೆ ಬೂದಿ ಬಿಟ್ಟು ಗಾಳಿ ನೋಡುತ್ತಿದ್ದರು. ಕೊಲೊರಾಡೊದಲ್ಲಿ ಆ ಪುಡಿ ಬಾಟಲಿ ಕಂಡಾಗ ನನಗೆ ಕಣ್ಣು ತುಂಬಿ ಬಂತು. ನಮ್ಮ ಮನೆಯಲ್ಲೇ ಇದ್ದ ವಿದ್ಯೆ ಅದು. ದೇವರಕಾಡಿನ ಬೇಟೆ ದೇವರು ಅಯ್ಯಪ್ಪನಿಗೆ ಮಣ್ಣಿನ ನಾಯಿ ಹರಕೆ ಒಪ್ಪಿಸುವ ನಾಡು ನಮ್ಮದು, ಅಲ್ವಾ?

ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮಗಿರುವ ವಿನಾಯಿತಿ ಹೋಗಬಾರದು ಎಂದು ನಾವೆಲ್ಲ ಕೂಗಿದೆವು. ಅದು 2029ರವರೆಗೆ ಸಿಕ್ಕಿದೆ, ಸಂತೋಷ. ಆದರೆ ಕೋವಿಗಿಂತ ಮುಂಚೆ ಬರುವ ನಡಿಗೆ, ನೋಟ, ಕಾಯುವಿಕೆ ಇವನ್ನೆಲ್ಲ ನಾವಾಗಿಯೇ ಬಿಟ್ಟೆವು. ಅದನ್ನು ಯಾವ ಕಾನೂನೂ ಬೇಡ ಎಂದಿರಲಿಲ್ಲ. ಕಂದಕ ಬೇಕು, ರೈಲ್ವೆ ಕಂಬಿ ಬೇಲಿ ಬೇಕು, ಸೋಲಾರ್ ಬೇಕು, ನಾನೂ ಕೇಳುತ್ತೇನೆ. ಆದರೆ ಬೇಲಿಯ ಈಚೆಗೆ ಬಂದು ತೋಟದಲ್ಲೇ ಇರುವ ಆನೆಗಳಿಗೆ ಬೇಲಿ ಏನು ಮಾಡುತ್ತದೆ? ಅವುಗಳಿಗೆ ತೋಟದಲ್ಲೇ ನೆರಳಿದೆ, ಕೆರೆಯಿದೆ, ಹಲಸು ಇದೆ, ಹಣ್ಣಾದ ಕಾಫಿಯೂ ಇದೆ.

ಹಾಗಾಗಿ ಬೆಳೆಗಾರರಲ್ಲಿ ನನ್ನದೊಂದು ಕೋರಿಕೆ. ಎಲ್ಕ್ ಬೇಟೆಗಾರ ಸೀಸನ್ ಶುರುವಾಗುವ ಎರಡು ತಿಂಗಳ ಮುಂಚೆ ಮಾಡುವುದನ್ನು ನಾವು ಕೊಯ್ಲಿಗೆ ಮುಂಚೆ ಮಾಡೋಣ. ಈಗ ಸೆಪ್ಟೆಂಬರ್. ನವೆಂಬರ್ ಕೊನೆಗೆ ಹಣ್ಣು ಬರುತ್ತದೆ. ಅಷ್ಟರೊಳಗೆ ವಾರಕ್ಕೆ ಎರಡು ಸಲ ಇಬ್ಬರು ತೋಟ ಸುತ್ತಿ ಆನೆಯ ದಾರಿ, ಕೆರೆಗೆ ಇಳಿಯುವ ಜಾಗ, ಬೇಲಿ ದಾಟುವ ಜಾಗ ಇವನ್ನು ಒಂದು ಪುಸ್ತಕದಲ್ಲಿ ಬರೆಯಲಿ. ಕೊಯ್ಲು ಶುರುವಾದ ಮೇಲೆ ದಿನಾ ಬೆಳಿಗ್ಗೆ, ಮಂಜು ಎದ್ದ ಮೇಲೆ, ಆಳುಗಳು ಒಳಗೆ ಹೋಗುವ ಮುಂಚೆ ಆ ಇಬ್ಬರು ನೋಡಿ ಬರಲಿ. ಇದು ಆನೆ ನೋಡಲು ಹೋಗುವುದಲ್ಲ, ಗುರುತು ನೋಡಲು ಹೋಗುವುದು. ಬಿಸಿ ಆರದ ಲದ್ದಿ ಕಂಡರೆ ಅಲ್ಲಿಂದಲೇ ಹಿಂದೆ ಬಂದು ಅರಣ್ಯ ಇಲಾಖೆಯ ತಂಡಕ್ಕೆ ಫೋನ್ ಮಾಡಬೇಕು. ಆ ದಿನ ಬೇರೆ ಸಾಲು ಕೊಯ್ಯಬೇಕು. ನಮ್ಮ ತೋಟಗಳಲ್ಲೂ ಬೆಳಗಿನ ಚಳಿಗಾಳಿ ಗದ್ದೆಯ ಕಡೆ ಇಳಿಯುತ್ತದೆ. ಮೇಲಿನಿಂದ ಬರುವವರ ವಾಸನೆ ಕೆಳಗೆ ಕೆರೆಯಲ್ಲಿರುವ ಆನೆಗೆ ಮೊದಲೇ ಗೊತ್ತಾಗುತ್ತದೆ. ಆನೆಗೆ ನಾವು ಗೊತ್ತು, ನಮಗೆ ಆನೆ ಗೊತ್ತಿಲ್ಲ. ಅಪಾಯ ಇರುವುದು ಅಲ್ಲೇ.

ಗೇಟಿನ ಹತ್ತಿರ ಒಂದು ಹಲಗೆ ಇರಲಿ. ಇವತ್ತು ಯಾವ ಸಾಲಿನಲ್ಲಿ ಎಷ್ಟು ಜನ, ಅವರ ಹೆಸರು, ಮೇಸ್ತ್ರಿಯ ಫೋನ್ ನಂಬರ್. ತೋಟಕ್ಕೆ ಬರುವವರಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರು ಈಗ ಜಾಸ್ತಿ. ನಮ್ಮ ಭಾಷೆ ಅವರಿಗೆ ಬರುವುದಿಲ್ಲ. ಲದ್ದಿ, ಹೆಜ್ಜೆ, ಮರದ ಮೇಲಿನ ಕೆಸರು ಇವನ್ನು ಕೈ ಹಿಡಿದು ತೋರಿಸಿದರೆ ಯಾವ ಭಾಷೆಯೂ ಬೇಡ.

ಸಂಘಗಳ ಹಿರಿಯರಲ್ಲೂ ಕೇಳುತ್ತೇನೆ. ಮುಂದಿನ ಕೈಲ್ ಪೊಳ್ದ್‌ಗೆ ತೆಂಗಿನಕಾಯಿ ಸ್ಪರ್ಧೆಯ ಜೊತೆ ಮಕ್ಕಳನ್ನು ಯಾರದಾದರೂ ಬಾಣೆಯಲ್ಲಿ ಒಂದು ಗಂಟೆ ನಡೆಸಿ. ಎಷ್ಟು ಗುರುತು ಹುಡುಕಿದರು ಎಂದು ನೋಡಿ ಅದಕ್ಕೂ ಬಹುಮಾನ ಕೊಡಿ. ಗುರುತು ಓದಬಲ್ಲ ಹಿರಿಯರು ಪ್ರತಿ ಊರಿನಲ್ಲಿ ಒಬ್ಬಿಬ್ಬರು ಇನ್ನೂ ಇದ್ದಾರೆ. ಅವರು ಇರುವಾಗಲೇ ಇದು ಆಗಬೇಕು.

ನಾನು ಶುರು ಮಾಡಿದ್ದೇನೆ. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡು ಪಟ್ಟು ಮಾಡಿದರೆ ಹೆಚ್ಚುಕಡಿಮೆ ಅದರ ಭುಜದ ಎತ್ತರ ಬರುತ್ತದೆ. ಇದನ್ನು ನಮ್ಮ ಮೇಸ್ತ್ರಿಗೆ ಹೇಳಿಕೊಟ್ಟಿದ್ದೆ. ಮೊನ್ನೆ ಸೋಮವಾರ ಅವರು ಕೆರೆ ದಂಡೆಯ ಹಳೆ ಹೆಜ್ಜೆಯೊಂದಕ್ಕೆ ಬಾಳೆನಾರು ಸುತ್ತಿ ಅಳತೆ ತಂದರು. ಟೇಪಿನಲ್ಲಿ ಹಿಡಿದರೆ ನಾಲ್ಕು ಅಡಿ ಮೂರು ಇಂಚು. ಅಂದರೆ ಎಂಟೂವರೆ ಅಡಿಯ ಆನೆ. ತಾರೀಕು ಹಾಕಿ, ಕೆರೆಯ ಯಾವ ಮೂಲೆ ಎಂದು ಸೇರಿಸಿ, ಪುಸ್ತಕದ ಮೊದಲ ಸಾಲಿನಲ್ಲಿ ಬರೆದೆವು.

ಇಂತಿ,
ಒಬ್ಬ ಕಾಫಿ ಬೆಳೆಗಾರ್ತಿ
ಅಮ್ಮತ್ತಿ, ಕೊಡಗು