ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ

ಪ್ರೀತಿಯ ಗೆಳೆಯ,

"ಬೆಳಿಗ್ಗೆ ನಾನೇ ದೇವರು, ಸಂಜೆ ನಾನೇ ಶತ್ರು. ಏನು ತಪ್ಪು ಮಾಡಿದೆ ಅಂತಾನೇ ಗೊತ್ತಾಗಲ್ಲ" ಅಂತ ನಿನ್ನವಳ ವಿಷಯ ಹೇಳಿ ನಿನ್ನೆ ಫೋನಿನಲ್ಲಿ ಅತ್ತುಬಿಟ್ಟೆಯಲ್ಲ, ಆರು ವರ್ಷದ ಹಿಂದೆ ನಾನೂ ಹಾಗೇ ಅತ್ತಿದ್ದೆ. ನನ್ನ ಹೆಂಡತಿಗೂ ನಿನ್ನವಳಿಗಿರುವ ಕಾಯಿಲೆಯೇ, ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಭಾವನೆಗಳು ಹಿಡಿತಕ್ಕೆ ಸಿಗದೆ ಏರಿಳಿಯುವ ಮಾನಸಿಕ ಕಾಯಿಲೆ ಅದು. ಈ ಪತ್ರವನ್ನು ಅವಳಿಗೆ ತೋರಿಸಿಯೇ ಇಲ್ಲಿ ಹಾಕುತ್ತಿದ್ದೇನೆ. ನಮ್ಮಂಥ ಬೇರೆಯವರೂ ಓದಲಿ ಅಂದಳು.

ಒಂದು ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ ಸಿಗದೆ ಅರ್ಧ ಗಂಟೆ ತಡವಾಯಿತು. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಮನೆಗೆ ಹೋದರೆ ಹಾಲ್‌ನಲ್ಲಿ ಸೂಟ್‌ಕೇಸ್, ಅದರ ತುಂಬ ನನ್ನ ಬಟ್ಟೆ. "ಹೋಗೋದಾದ್ರೆ ಈಗಲೇ ಹೋಗು" ಅಂತ ಕಿರುಚಿದಳು. ಆದರೆ ಸೂಟ್‌ಕೇಸಿನ ಹಿಡಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ನಾನು ಮಾತು ಕೇಳಿಸಿಕೊಂಡೆ, ಕೈ ನೋಡಲಿಲ್ಲ. ಬಸ್ ಟಿಕೆಟ್ ತೋರಿಸಿ ವಾದಕ್ಕೆ ನಿಂತೆ.

ಈ ಕಾಯಿಲೆ ಇರುವವರಿಗೆ, ತನ್ನವರು ಬಿಟ್ಟುಹೋಗುತ್ತಾರೆ ಅನ್ನುವ ಭಯ ಬಂದರೆ ಟಿಕೆಟ್ ಯಾವ ಲೆಕ್ಕ? ಈಗ ಮೊದಲು "ನಾನು ಬರಲ್ಲ ಅಂತ ಹೆದರಿಬಿಟ್ಯಾ?" ಅಂತ ಕೇಳುತ್ತೇನೆ. ಅವಳು ಹೇಳಿದ್ದೆಲ್ಲ ಸರಿ ಅಂತ ಒಪ್ಪಿದ ಹಾಗಲ್ಲ ಅದು. ನನಗೇ ತಡೆಯಲಾಗದಿದ್ದರೆ "ಹತ್ತು ನಿಮಿಷ ಹೊರಗೆ ಹೋಗಿ ಬರ್ತೀನಿ" ಅಂತ ಹೇಳಿ ಹೋಗುತ್ತೇನೆ. ಹತ್ತು ನಿಮಿಷಕ್ಕೆ ಸರಿಯಾಗಿ ಬರುತ್ತೇನೆ. ಹನ್ನೊಂದಾಗಬಾರದು. ಸುಮ್ನೆ ಎದ್ದು ಹೋಗಬೇಡ ಮಾರಾಯ, ಅದರಷ್ಟು ಸುಡುವುದು ಇನ್ನೊಂದಿಲ್ಲ.

ಈ ಕಾಯಿಲೆಗೇ ಅಂತ ಮಾತ್ರೆ ಇಲ್ಲ. ನಿದ್ದೆಗೆ, ಖಿನ್ನತೆಗೆ ಡಾಕ್ಟರು ಕೊಡಬಹುದು. ನನ್ನವಳಿಗೆ ಜಾಸ್ತಿ ಉಪಯೋಗವಾಗಿದ್ದು ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ), ಉಕ್ಕಿ ಬರುವ ಭಾವನೆಯನ್ನು ನಿಭಾಯಿಸಲು ಕಲಿಸುವ ಥೆರಪಿ. ಅದನ್ನು ರೂಪಿಸಿದ ಅಮೆರಿಕದ ಮನಃಶಾಸ್ತ್ರಜ್ಞೆ ಮಾರ್ಷಾ ಲಿನೆಹನ್, ತಾವೂ ಹರೆಯದಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ನರಳಿದ್ದಾಗಿ 2011ರಲ್ಲಿ ಎಲ್ಲರ ಮುಂದೆ ಹೇಳಿಕೊಂಡರು. ಅದನ್ನು ತಿಳಿದ ದಿನ ನನ್ನವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಗಾದ್ರೆ ಆಗುತ್ತೆ ಅಲ್ವಾ?" ಅಂದಳು. ಈಗಲೂ ಸಿಟ್ಟು ನೆತ್ತಿಗೇರಿದಾಗ ಸ್ಟೀಲ್ ಬೋಗುಣಿಯ ತಣ್ಣೀರಿನಲ್ಲಿ ಮುಖ ಅದ್ದುತ್ತಾಳೆ, ಥೆರಪಿಯಲ್ಲಿ ಕಲಿತದ್ದು. ಎದೆಬಡಿತ ಇಳಿಯುತ್ತದೆ. ನಾನು ಟವೆಲ್ ಹಿಡಿದು ನಿಂತಿರುತ್ತೇನೆ.

ನಿನ್ನವಳು ಸಾಯುತ್ತೇನೆ ಅಂದರೆ ಮಾತ್ರ, ಅದು ನಾಟಕ ಅಂತ ಯಾರು ಹೇಳಿದರೂ ಕೇಳಬೇಡ. ಒಬ್ಬಳನ್ನೇ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ನಿನ್ನ ಕಷ್ಟಕ್ಕೂ ಅಲ್ಲಿಗೆ ಫೋನ್ ಮಾಡಬಹುದು. ಕೈ ಎತ್ತಿದರೆ ಸಹಿಸಿಕೊಂಡು ಕೂರಬೇಡ. ಕಾಯಿಲೆ ಇದೆ ಅಂತ ಹೊಡೆತ ತಿನ್ನಬೇಕಿಲ್ಲ.

ಕ್ರಿಕೆಟ್ ಬಿಟ್ಟೆ ಅಂದೆಯಲ್ಲ, ಅದು ನನಗೆ ಇಷ್ಟವಾಗಲಿಲ್ಲ. ಭಾನುವಾರ ಆರಕ್ಕೆ ಗ್ರೌಂಡಿಗೆ ಬಾ. ಎಂಟಕ್ಕೆ ವಾಪಸ್ ಬರ್ತೀನಿ ಅಂತ ಅವಳಿಗೆ ಹೇಳಿ ಬಾ. ಎಂಟಕ್ಕೆ ನಾನೇ ನಿನ್ನನ್ನು ಮನೆ ಬಾಗಿಲಿಗೆ ಬಿಡುತ್ತೇನೆ.

ನಿನ್ನ ಗೆಳೆಯ