ನೀವೇ ಓದಿಕೊಳ್ಳಿ ಅಂದರೆ ಮುಗೀತೇ?

ಮಾನ್ಯರೇ,

ವಿಶ್ವವಿದ್ಯಾಲಯಕ್ಕೆ ಬಂದ ಹುಡುಗರು ಪುಸ್ತಕ ಮುಟ್ಟುವುದಿಲ್ಲ ಅನ್ನುವ ದೂರು ಆಗಾಗ ಕೇಳುತ್ತೇವೆ. ಮುಟ್ಟಿದವರ ಪಾಡನ್ನೂ ಸ್ವಲ್ಪ ಕೇಳಿ.

ನಾನು ಸೇರಿದ ಮೊದಲ ವಾರವೇ ಮೂರು ಪುಟದ ಪುಸ್ತಕಪಟ್ಟಿ ಕೈಗೆ ಬಂತು. ‘ಇದೆಲ್ಲ ನೀವೇ ಓದಿಕೊಳ್ಳಿ’ ಅಂದರು. ಯಾವುದು ಮೊದಲು, ಯಾವುದು ಪೂರ್ತಿ, ಯಾವುದರಲ್ಲಿ ಒಂದೇ ಅಧ್ಯಾಯ ಸಾಕು? ಅದನ್ನು ಯಾರೂ ಹೇಳಲಿಲ್ಲ. ಹಳದಿ ಹೈಲೈಟರ್ ಹಿಡಿದು ಕೂತೆ. ಸಂಜೆ ಹೊತ್ತಿಗೆ ಪುಟವೆಲ್ಲ ಹಳದಿ. ಎರಡು ಸಲ ಓದಿದ್ದೆ, ಎಲ್ಲ ತಲೆಗೆ ಹೋದ ಹಾಗೇ ಇತ್ತು. ಮುಂದಿನ ವಾರ ತರಗತಿಯಲ್ಲಿ ಕೇಳಿದಾಗ ಬಾಯಿಗೆ ಬಂದಿದ್ದು ಲೇಖಕರ ಹೆಸರು ಮಾತ್ರ.

ಇದು ನನ್ನೊಬ್ಬನ ದಡ್ಡತನ ಅಂದುಕೊಂಡಿದ್ದೆ. ಹಾಗೇನಲ್ಲವಂತೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಓದಿದ್ದನ್ನೇ ಮತ್ತೆ ಓದಿದರು. ಉಳಿದವರು ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟು ಬರೆದರು. 5 ನಿಮಿಷದ ನಂತರ ನೋಡಿದರೆ ಮತ್ತೆ ಓದಿದವರೇ ಮುಂದು. ವಾರ ಕಳೆದ ಮೇಲೆ ಮಾತ್ರ ಬರೆದವರಿಗೇ ಜಾಸ್ತಿ ನೆನಪು. ಆ 5 ನಿಮಿಷವೇ ನಮಗೆಲ್ಲ ಮೋಸ ಮಾಡುವುದು, ಅಲ್ವಾ?

ನನ್ನನ್ನು ದಡ ಸೇರಿಸಿದ್ದು ಒಬ್ಬ ಮೇಷ್ಟ್ರು. ಒಂದು ದಿನ ಪಾಠ ಬಿಟ್ಟು ನಮ್ಮೆದುರೇ ಒಂದು ಸಂಶೋಧನಾ ಲೇಖನ ಓದಿದರು. ಸಾರಾಂಶ ನೋಡಿ ಸೀದಾ ಕೊನೆಯ ಪುಟಕ್ಕೆ ಹಾರಿದರು. ಆಮೇಲೆ ಕೋಷ್ಟಕಗಳು. ಅಂಚಿನಲ್ಲಿ ಪೆನ್ಸಿಲಿನಿಂದ ‘ಇದು ಇವರಿಗೆ ಹೇಗೆ ಗೊತ್ತಾಯ್ತು?’ ಅಂತ ಗೀಚಿದರು. ಒಂದು ಕಡೆ ನಿಂತು, ‘ಇದು ನನಗೂ ಅರ್ಥವಾಗ್ತಿಲ್ಲ’ ಅಂದು, ಅಡಿಟಿಪ್ಪಣಿಯ ಜಾಡು ಹಿಡಿದು ಬೇರೆ ಪುಸ್ತಕ ತೆರೆದರು. ಮೇಷ್ಟ್ರಿಗೂ ಅರ್ಥವಾಗದ್ದು ಇರುತ್ತದೆ ಅಂತ ಗೊತ್ತಾಗಿದ್ದೇ ನನಗೆ ದೊಡ್ಡ ಸಮಾಧಾನ!

ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಓದಿನ ಹೊರೆ ಅಳೆಯುವ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ದುಡಿಮೆ, ವರ್ಷಕ್ಕೆ 60 ಕ್ರೆಡಿಟ್. ತರಗತಿಯ ಹೊರಗಿನ ಸ್ವಂತ ಓದೂ ಈ ಲೆಕ್ಕದಲ್ಲೇ ಸೇರಿದೆ. ಕಾಗದದ ಮೇಲೆ ಗಂಟೆ ಬರೆಯುವುದು ಸುಲಭ. ಆ ಗಂಟೆಗಳಲ್ಲಿ ಏನು ಮಾಡಬೇಕು ಅಂತ ತೋರಿಸುವವರು ಯಾರು?

ಮೊದಲ ಸೆಮಿಸ್ಟರಿನಲ್ಲಿ ಪ್ರತಿ ವಿಭಾಗವೂ ಆ ಮೇಷ್ಟ್ರ ಹಾಗೆ ಓದಿ ತೋರಿಸುವ ಎರಡು ಮೂರು ತರಗತಿ ಇಡಲಿ. ಪಟ್ಟಿಯಲ್ಲಿ ಸುಮ್ನೆ ಪುಸ್ತಕದ ಹೆಸರು ಹಾಕುವ ಬದಲು, ಪಕ್ಕದಲ್ಲೇ ಒಂದು ಸಾಲು ಬರೆಯಲಿ: ಯಾಕೆ ಓದಬೇಕು, ಎಷ್ಟು ಓದಿದರೆ ಸಾಕು. ಹಾಗೆ ಬರೆಯಲು ಕೂತರೆ ಮೂರು ಪುಟದ ಪಟ್ಟಿ ತಾನಾಗಿಯೇ ಒಂದಕ್ಕೆ ಇಳಿಯಬಹುದೇನೋ.

ಇತಿ,
ಒಬ್ಬ ಓದುಗ