ಖುಲಾಸೆಯಾದ ಕೇಸಿಗೆ ಇನ್ನೂ ಎಷ್ಟು ದಿನ ಶಿಕ್ಷೆ?

ಮಾನ್ಯ ಸಂಪಾದಕರೇ,

ಕೆಲಸಕ್ಕೆ ಸೇರುವವರ ಹಿನ್ನೆಲೆ ಪರಿಶೀಲನೆಯನ್ನು ಕಂಪನಿಗಳು ಬಿಗಿ ಮಾಡಿವೆ ಎಂದು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತಲ್ಲ, ಅದಕ್ಕೇ ಈ ಪತ್ರ. ಒಳ್ಳೆಯದಾಯಿತು ಎಂದವರ ಮಾತೆಲ್ಲ ಅದರಲ್ಲಿದೆ. ಅದಕ್ಕೆ ಸಿಕ್ಕಿ ಕೆಲಸ ಕಳೆದುಕೊಂಡ ಒಬ್ಬರನ್ನಾದರೂ ಕೇಳಬೇಕಿತ್ತು, ಅಲ್ವಾ?

ನಿನ್ನೆ ಸಂಜೆ ನನ್ನ ಮಗನಿಗೆ ಮೇಲ್ ಬಂತು. ಸೋಮವಾರ ಸೇರಬೇಕಿತ್ತು. ಇನ್ನು ಬರುವುದು ಬೇಡ ಎಂದು ಎರಡೇ ಸಾಲು. ಹಳೆಯ ಕಡೆ ರಾಜೀನಾಮೆ ಕೊಟ್ಟಾಗಿದೆ. ಹೊಸ ಆಫೀಸಿಗೆ ಹತ್ತಿರವಾಗಲಿ ಎಂದು ಪಿಜಿಗೆ ಅಡ್ವಾನ್ಸ್ ಕೊಟ್ಟಿದ್ದ, ಅದೂ ವಾಪಸ್ ಬರಲ್ಲ.

2016ರ ಸೆಪ್ಟೆಂಬರ್ 12 ಎಂದರೆ ನಮ್ಮ ಮಾಗಡಿ ರಸ್ತೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾವೇರಿ ಗಲಾಟೆ, ನಾಯಂಡಹಳ್ಳಿ ಹತ್ತಿರ ಸುಟ್ಟ ಬಸ್ಸುಗಳು, 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ಆಗ ಅವನಿಗೆ 19. ಬಸ್ಸಿಲ್ಲದೆ ಕಾಲೇಜಿನಿಂದ ನಡೆದು ಬರುತ್ತಿದ್ದವನನ್ನೂ ಗುಂಪಿನ ಜೊತೆ ವ್ಯಾನಿಗೆ ಹತ್ತಿಸಿದರು. ಅಕ್ರಮ ಕೂಟ, ದೊಂಬಿ ಅಂತ ಐಪಿಸಿ 143, 147 ಹಾಕಿದರು. ನಾನು ಗಾರ್ಮೆಂಟ್ಸಿನಲ್ಲಿ ಟೈಲರ್, ಒಂದೊಂದು ವಾಯಿದೆಗೂ ಒಂದು ದಿನದ ಸಂಬಳ ಹೋಯಿತು. 2021ರಲ್ಲಿ ಖುಲಾಸೆಯಾಯಿತು. ಇವನನ್ನು ಅಲ್ಲಿ ನೋಡಿದೆ ಎಂದು ಒಬ್ಬ ಸಾಕ್ಷಿಯೂ ಹೇಳಲಿಲ್ಲ.

ಮಗ ಫಾರಂನಲ್ಲಿ ಏನೂ ಮುಚ್ಚಿಡಲಿಲ್ಲ. ಕೇಸ್ ನಂಬರ್ ಬರೆದ, ತೀರ್ಪಿನ ಪ್ರತಿಯನ್ನೂ ಜೊತೆಗಿಟ್ಟ. ಆದರೂ ಪರಿಶೀಲನೆ ಮಾಡಿದ ಏಜೆನ್ಸಿಯವರು ರಿಪೋರ್ಟಿನಲ್ಲಿ ಅವನ ಹೆಸರಿನ ಮುಂದೆ ಕೆಂಪು ಬಣ್ಣ ಬಳಿದು ಕಳಿಸಿದ್ದಾರೆ. ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ಮುಗಿದ ಕೇಸೂ ಬರುತ್ತದೆ. ಬಂದಮೇಲೆ ಅದರ ತೀರ್ಪು ಏನಾಯಿತು ಎಂದು ಓದುವುದು ಅವರ ಕೆಲಸ ಅಲ್ಲವೇ?

ಪೊಲೀಸ್ ವೆರಿಫಿಕೇಷನ್ ಸರ್ಟಿಫಿಕೇಟ್ ತಂದರೆ ಕಂಪನಿಯವರು ಒಪ್ಪಬಹುದು ಎಂದು ಯಾರೋ ಹೇಳಿದರು. ಇವತ್ತು ಅರ್ಧ ದಿನ ರಜೆ ಹಾಕಿ ಠಾಣೆಗೆ ಹೋದೆ. ಒಂದೂವರೆ ಗಂಟೆ ನಿಂತಿದ್ದೆ. ತೀರ್ಪಿನ ಪ್ರತಿ ಮಡಿಕೆ ಬಿದ್ದ ಕಡೆ ಹರಿದಿದೆ, ಟೇಪ್ ಅಂಟಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದೇನೆ. ರೈಟರ್ ಅದನ್ನು ಕೈಯಲ್ಲಿ ಕೂಡ ಮುಟ್ಟಲಿಲ್ಲ. "ಸಿಸ್ಟಮ್‌ನಲ್ಲಿ ಕೇಸ್ ತೋರಿಸ್ತಿದೆ ಅಮ್ಮಾ, ನಾನೇನ್ ಮಾಡ್ಲಿ, ಸಾಹೇಬ್ರು ಬಂದ್ಮೇಲೆ ಬನ್ನಿ" ಎಂದರು. ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರಂತೆ. ಖುಲಾಸೆ ಎಂದು ಒಂದು ಪದ ಸೇರಿಸಲು ಯಾವ ಸಾಹೇಬರು ಬೇಕು?

2016ರ ಜುಲೈನಲ್ಲೇ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಮುಚ್ಚಿಟ್ಟಿದ್ದರೂ, ಅದರಲ್ಲಿ ಶಿಕ್ಷೆಯೇ ಆಗಿದ್ದರೂ, ಕೆಲಸ ಕೊಡುವವರು ಅದನ್ನು ಬದಿಗಿಡಬಹುದು ಎಂದು. ನಿಜ ಹೇಳಿದವನಿಗೂ ಕೆಲಸ ಕೊಡಲೇಬೇಕು ಎಂದು ಕೋರ್ಟ್ ಹೇಳಿಲ್ಲ, ಅದು ನಮಗೂ ಗೊತ್ತು. ಆದರೆ ಶಿಕ್ಷೆಯಾದವನನ್ನೇ ಮನ್ನಿಸಬಹುದಾದರೆ, ಖುಲಾಸೆಯಾಗಿ, ಎಲ್ಲ ಬಾಯಿ ಬಿಟ್ಟು ಹೇಳಿದ ಹುಡುಗನನ್ನು ಕರೆದು ಒಂದು ಮಾತು ಕೇಳುವುದು ಬೇಡವೇ? ಮೈಮೇಲೆ ಕೇಸು ಇರುವವರು ಅಫಿಡವಿಟ್‌ನಲ್ಲಿ ಬರೆದುಕೊಟ್ಟು ಚುನಾವಣೆಗೆ ನಿಲ್ಲುತ್ತಾರೆ, ಗೆದ್ದು ವಿಧಾನಸೌಧದಲ್ಲಿ ಕೂರುತ್ತಾರೆ. ಇವನು ಒಂದು ಆಫೀಸಿನಲ್ಲಿ ಬಿಲ್ ಬರೆಯುವ ಹಾಗಿಲ್ಲ.

ಸರ್ಕಾರಿ ಕಚೇರಿಗಳೆಲ್ಲ ಹೀಗೇ ಆಗಿವೆ. ಮನೆ ಖಾತೆಯಲ್ಲಿ ನಮ್ಮ ಯಜಮಾನರ ಹೆಸರಿನ ಒಂದು ಅಕ್ಷರ ತಿದ್ದಿಸಲು ಎರಡು ವರ್ಷ ಓಡಾಡಿದೆ, ಅವರು ತೀರಿಕೊಂಡ ಮೇಲೆ ತಿದ್ದಿಕೊಟ್ಟರು. ತಪ್ಪು ಬರೆಯುವಾಗ ಒಂದು ನಿಮಿಷ ಸಾಕು, ತಿದ್ದುವಾಗ ಮಾತ್ರ ಎಲ್ಲರಿಗೂ ಮೇಲಿನವರ ಸಹಿ ಬೇಕು.

ಪೊಲೀಸ್ ಕಮಿಷನರ್ ಇದನ್ನು ನೋಡಬೇಕು. ಕಾರ್ಮಿಕ ಸಚಿವರೂ ನೋಡಬೇಕು. ಖುಲಾಸೆಯಾದವರ ಹೆಸರು ಆ ಕಂಪ್ಯೂಟರಿನಿಂದ ತೆಗೆಯಲಿ, ಇಲ್ಲ ಪಕ್ಕದಲ್ಲಿ ಖುಲಾಸೆ ಎಂದು ದಪ್ಪ ಅಕ್ಷರದಲ್ಲಿ ಬರೆಯಲಿ, ಏನಾದರೂ ಮಾಡಲಿ. ಸುಮ್ನೆ ನಾಳೆ ಬನ್ನಿ ಎನ್ನುವುದನ್ನು ಮೊದಲು ಬಿಡಲಿ.

ಒಬ್ಬ ತಾಯಿ
ಮಾಗಡಿ ರಸ್ತೆ, ಬೆಂಗಳೂರು